ಕನ್ನಡಕದವನು ನೋಡದೆ ಬಿಟ್ಟ ಪಾಠ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಹಿರಿಯೂರಿನ ನೀಲಾಂಬಿಕೆ ಮೇಡಂ. ಕಾಲೇಜಿನಲ್ಲಿ ನಮಗೆ ತರ್ಕಶಾಸ್ತ್ರ ಕಲಿಸಿದವರು. ಅವರು ನಿವೃತ್ತರಾದ ಮೇಲೂ ನಾವು ಹಳೆಯ ವಿದ್ಯಾರ್ಥಿಗಳು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ ಪ್ರಶ್ನೆ ಕೇಳುವುದಿತ್ತು. ತರ್ಕದ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಅವರೂ ಉತ್ತರವನ್ನು ತರ್ಕದಲ್ಲಿ ಕೊಡುತ್ತಿರಲಿಲ್ಲ.

ಒಂದು ಭಾನುವಾರ ನಾನು ಕೇಳಿದ್ದು ಇಷ್ಟು: "ಮೇಡಂ, ನಮ್ಮ ಮಾತನ್ನು ಕಿವಿಗೇ ಹಾಕಿಕೊಳ್ಳದವರನ್ನು ಕೇಳುವ ಹಾಗೆ ಮಾಡುವುದು ಹೇಗೆ? ಬೇಗ ಆಗುವಂಥ ದಾರಿ ಏನಾದರೂ ಇದೆಯಾ?"

ಗೆಳತಿಯೊಬ್ಬಳ ಪರವಾಗಿ ಕೇಳುತ್ತಿದ್ದೇನೆ ಎಂದೂ ಸೇರಿಸಿದೆ.

"ನಿನ್ನ ಗೆಳತಿಗೆ ವಯಸ್ಸೆಷ್ಟು?" ಎಂದರು ಮೇಡಂ.

"ನಲವತ್ತಮೂರು."

"ನಿನ್ನ ವಾರಿಗೆಯವಳೇ. ಬೇಗ ಅಂದರೆ ಎಷ್ಟು ಬೇಗ ಬೇಕಂತೆ ಅವಳಿಗೆ?"

"ಫೋನಿನಲ್ಲಿ ಪಾಠ ಬರುತ್ತೆ ಮೇಡಂ. ಮೂರೇ ಸೆಕೆಂಡು. ಕೈ ಹಿಡಿದು ಒಂದು ಮಾತು ಹೇಳಿದರೆ ಎದುರಿಗಿರುವವರು ನಿದ್ದೆ ಹೋಗುತ್ತಾರೆ, ಆಮೇಲೆ ನಾವು ಹೇಳಿದ್ದನ್ನೆಲ್ಲ ಕೇಳುತ್ತಾರೆ."

"ನೀನು ನೋಡಿದೆಯಾ?"

"ಗೆಳತಿ ನೋಡಿದ್ದಾಳೆ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ತಂಗಿ. ಎತ್ತಿ, "ತಡಿ, ಆಮೇಲೆ ಮಾಡ್ತೀನಿ" ಎಂದು ಹೇಳಿ, ಸದ್ದು ಅಡಗಿಸಿ ಮೇಜಿನ ಮೇಲೆ ಮಗುಚಿಟ್ಟೆ.

ಮೇಡಂ ಆ ಫೋನಿನ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು.

"ಒಂದು ಕತೆ ಹೇಳ್ತೀನಿ," ಎಂದರು. "ನೀನು ಹ್ಞೂಂಗುಟ್ಟುತ್ತಿರಬೇಕು. ನೀನು ನಿಲ್ಲಿಸಿದರೆ ನಾನೂ ನಿಲ್ಲಿಸ್ತೀನಿ."

"ಹ್ಞೂಂ," ಎಂದೆ.

ಒಂದು ಊರಿನಲ್ಲಿ ಒಬ್ಬ ಕನ್ನಡಕದವನಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿಯಲ್ಲಿ ಒಂದು ಕುರ್ಚಿ. ಕಣ್ಣು ತೋರಿಸಲು ಬಂದವರು ಅದರಲ್ಲಿ ಕೂರುತ್ತಿದ್ದರು. ಅವನು ಎದುರು ನಿಂತು, ಅವರ ಮೂಗಿನ ಮೇಲೊಂದು ಕಬ್ಬಿಣದ ಫ್ರೇಮು ಕೂರಿಸಿ, ಗಾಜು ಬದಲಿಸಿ ಬದಲಿಸಿ ಕೇಳುತ್ತಿದ್ದ: "ಇದು ಚೆನ್ನಾಗಿದೆಯೋ, ಇದೋ?"

ಅವರೆಲ್ಲ ಅವನ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ನೋಡುತ್ತಿದ್ದುದು ಮಾತ್ರ ಅವನ ಹಿಂದಿನ ಗೋಡೆಯ ಅಕ್ಷರಗಳನ್ನು. ಅವನು ಅಡ್ಡವಾದರೆ, "ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಕಾಣಿಸ್ತಿಲ್ಲ," ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವನು ಪಕ್ಕಕ್ಕೆ ಸರಿಯುತ್ತಿದ್ದ.

ಅವನಿಗೆ ಹೆಂಡತಿಯಿದ್ದಳು. ಜಗಳವಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಆಗುತ್ತಿತ್ತು. ಒಗೆದ ಬಟ್ಟೆ ಮಡಿಸಿಟ್ಟಿರುತ್ತಿತ್ತು. ಆದರೆ ಹನ್ನೊಂದು ವರ್ಷದಿಂದ ಅವಳು ಅವನನ್ನು ರೀ ಎಂದು ಕರೆದಿರಲಿಲ್ಲ.

ಕರೆಯದೆ ಹೇಗೆ ಮಾತಾಡುತ್ತಿದ್ದಳು ಎಂದರೆ, ಹೀಗೆ. "ಊಟಕ್ಕೆ ಏಳಬಹುದು." "ಕೊಡೆ ಮರೆತ ಹಾಗಿದೆ." "ನಾಳೆ ಹಾಲಿನವರು ಬರೋದಿಲ್ಲವಂತೆ." ನೀನು ಇಲ್ಲ, ನೀವು ಇಲ್ಲ, ರೀ ಇಲ್ಲ.

"ನಮ್ಮ ಭಾಷೆಯಲ್ಲಿ ಕರ್ತೃಪದವೇ ಇಲ್ಲದೆ ಒಂದು ಸಂಸಾರವನ್ನು ಪೂರ್ತಿ ನಡೆಸಬಹುದು," ಎಂದರು ಮೇಡಂ.

"ಹ್ಞೂಂ," ಎಂದೆ.

ಊರಿನವರೆಲ್ಲ ಅವನಿಗೆ ರೀ ಎನ್ನುತ್ತಿದ್ದರು. ಏನ್ರೀ, ಯಾಕ್ರೀ, ಬನ್ರೀ, ಬೇಗ ಕೊಡ್ರೀ. ಅವು ಮಾತಿನ ಬಾಲಕ್ಕೆ ಅಂಟಿಕೊಂಡ ರೀ. ಹಿಂದೆ ಏನೂ ಇಲ್ಲದೆ, ಮುಂದೆ ಏನೂ ಇಲ್ಲದೆ, ಬರೀ ರೀ ಎಂದು ಕರೆಯಬಹುದಾದವಳು ಭೂಮಿಯ ಮೇಲೆ ಒಬ್ಬಳೇ. ಅವಳು ಕರೆಯುತ್ತಿರಲಿಲ್ಲ.

ಅವನು ಒಮ್ಮೆ ಕೇಳಿದ್ದ. "ಏನಾಗಿದೆ?"

"ಏನಾಗಬೇಕಿತ್ತು?" ಎಂದಿದ್ದಳು.

ಅದನ್ನು ಅವನು ಉತ್ತರವೆಂದುಕೊಂಡ. ಮತ್ತೆ ಕೇಳಲಿಲ್ಲ. ಬೇರೆ ಉಪಾಯ ಮಾಡಿದ. ಮೋಡವಾದ ದಿನ ಬೇಕೆಂದೇ ಕೊಡೆ ಬಿಟ್ಟು ಹೊರಡುತ್ತಿದ್ದ. ಬೀದಿಯ ತಿರುವಿನ ತನಕ ನಿಧಾನವಾಗಿ ನಡೆಯುತ್ತಿದ್ದ. ಈಗ ರೀ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಬೆನ್ನಿನಲ್ಲಿ ಕಿವಿ ಇಟ್ಟುಕೊಂಡಿರುತ್ತಿದ್ದ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಬಾಗಿಲು ಮುಚ್ಚಿರುತ್ತಿತ್ತು. ಕೊಡೆ ಹೊರಗಿನ ಚಿಲಕಕ್ಕೆ ನೇತಾಡುತ್ತಿತ್ತು. ವಾಪಸು ಬಂದು ತೆಗೆದುಕೊಂಡು ಹೋಗುತ್ತಿದ್ದ.

ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ಅವನ ಫೋನಿನಲ್ಲಿ ಒಂದು ವಿಡಿಯೋ ಬಂತು. ಕರಿ ಅಂಗಿಯವನೊಬ್ಬ ಯಾವುದೋ ದೇಶದ ಬೀದಿಯಲ್ಲಿ ನಿಂತು ಗುರುತಿಲ್ಲದವರ ಕೈ ಕುಲುಕುತ್ತಿದ್ದ. ಕುಲುಕುತ್ತಿದ್ದ ಕೈಯನ್ನು ತಟ್ಟನೆ ಎಳೆದು ಒಂದು ಮಾತು ಹೇಳುತ್ತಿದ್ದ. ಅವರ ಕುತ್ತಿಗೆ ವಾಲುತ್ತಿತ್ತು. ಆಮೇಲೆ ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ನಿಮ್ಮ ಹೆಸರು ನಿಮಗೆ ಮರೆತಿದೆ ಎಂದರೆ ಮರೆಯುತ್ತಿದ್ದರು. ಅದರ ಹೆಸರು ದಿಢೀರ್ ಸಮ್ಮೋಹನ. ಒಟ್ಟು ಹನ್ನೆರಡು ಪಾಠ.

ಕನ್ನಡಕದವನು ಯೋಚಿಸಿದ. ಹೇಳಿದರೆ ತನ್ನ ಹೆಸರನ್ನೇ ಮರೆಯುವ ಮನುಷ್ಯ, ಹೇಳಿದರೆ ಇನ್ನೊಬ್ಬರನ್ನು ಕರೆಯಲೂಬಹುದು. ಇವನಿಗೆ ಬೇಕಾಗಿದ್ದುದು ಒಂದೇ ಅಕ್ಷರ.

ಮರುದಿನದಿಂದ ಪಾಠ ಶುರು ಮಾಡಿದ. ಒಂದೊಂದನ್ನು ಮೂರು ಮೂರು ಸಲ ನೋಡಿದ. ಹನ್ನೆರಡನೆಯ ಪಾಠದ ಹೆಸರು 'ಎಬ್ಬಿಸುವುದು' ಎಂದಿತ್ತು. ಎರಡೇ ನಿಮಿಷದ್ದು. ನೋಡಿದವರೂ ಕಡಿಮೆ. ಮಲಗಿಸುವುದನ್ನು ಕಲಿಯಲು ಬಂದವನಿಗೆ ಎಬ್ಬಿಸುವ ಉಸಾಬರಿ ಯಾಕೆ ಎಂದು ಅದನ್ನು ಬಿಟ್ಟ.

ಮೊದಲನೆಯ ಪಾಠ ಕೈ ಕುಲುಕುವುದು. ಅದು ನಡೆಯಲಿಲ್ಲ. ಆ ಊರಿನವರು ಅಂಗಡಿಗೆ ಬಂದರೆ ಕೈ ಮುಗಿಯುತ್ತಿದ್ದರು. ಮುಗಿದ ಎರಡು ಕೈಗಳಲ್ಲಿ ಯಾವುದನ್ನು ಎಳೆಯಬೇಕು ಎಂದು ಪಾಠದಲ್ಲಿ ಹೇಳಿರಲಿಲ್ಲ. ಕೊನೆಗೆ ಒಬ್ಬ ಬೆಲ್ಲದ ವ್ಯಾಪಾರಿ ಕೈ ಕೊಟ್ಟ. ಕನ್ನಡಕದವನು ಎಳೆದ. ಎಳೆದು, ವಿಡಿಯೋದ ಅಡಿಯಲ್ಲಿ ಬರೆದಿದ್ದ ಮಾತನ್ನೇ ಹೇಳಿದ.

"ನಿದ್ರಿಸು."

ಅದು ಯಂತ್ರ ಮಾಡಿದ ಕನ್ನಡ. ನಿದ್ರಿಸು ಎಂದು ಆ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಯಾರಿಗೂ ಹೇಳಿರಲಿಲ್ಲ.

ಬೆಲ್ಲದ ವ್ಯಾಪಾರಿ ಅವನ ಮುಖ ನೋಡಿದ. "ಯಾಕ್ರೀ, ಕಣ್ಣಿಗೆ ರೆಸ್ಟ್ ಬೇಕಾ? ಮನೆಗೆ ಹೋಗಿ ಮಲಗ್ತೀನಿ ಬಿಡಿ. ಮೊದಲು ನಂಬರ್ ನೋಡಿ. ಆಮೇಲೆ ಆ ಕೈ ಬಿಡ್ರೀ, ನನಗೆ ಬೇಕು ಅದು."

ಕನ್ನಡಕದವನು ಮಾತನ್ನು ಬದಲಿಸಿದ. ಮರುದಿನ ಬಂದ ಶಾಲೆಯ ಟೀಚರಮ್ಮನಿಗೆ "ಮಲಗಿ" ಎಂದ.

"ಎಲ್ಲಿ?" ಎಂದು ಸುತ್ತ ನೋಡಿದರು ಟೀಚರಮ್ಮ. "ಈ ಬೆಂಚಿನ ಮೇಲಾ? ಹಾಸೋಕೆ ಏನಾದರೂ ಕೊಡಿ ಮತ್ತೆ."

ಆರು ಪಾಠ ಹೀಗೇ ಕಳೆದವು. ಏಳನೆಯ ಪಾಠ ಬೇರೆ ಇತ್ತು. ಎದುರಿನವರನ್ನು ಮೊದಲು ಗಲಿಬಿಲಿ ಮಾಡಿ, ಅವರ ಮನಸ್ಸು ಇತ್ತಲೋ ಅತ್ತಲೋ ಎಂದು ತೂಗುವಾಗ ಅಂಗೈಯನ್ನು ಕಣ್ಣೆದುರು ಎತ್ತಿ ಒಂದು ಮಾತು ಹೇಳಿ ಎಂದಿತ್ತು. ಆ ಗಲಿಬಿಲಿ ಅವನ ಕಸುಬಿನಲ್ಲೇ ಇತ್ತು. ಅವನು ಗಾಜನ್ನು ಬೇಗ ಬೇಗ ಬದಲಿಸಿದ. ಇದೋ, ಇದೋ. ಇದೋ, ಇದೋ. ಒಂದೇ ಗಾಜನ್ನು ಎರಡು ಸಲ ಹಾಕಿ, ಇದೋ, ಇದೋ ಎಂದ. ಕುರ್ಚಿಯಲ್ಲಿದ್ದ ನೇಕಾರ ಅದು ಎಂದ, ಅಲ್ಲ ಇದು ಎಂದ, ಆಮೇಲೆ ಬಾಯಿ ತೆರೆದು ಸುಮ್ಮನಾದ. ಕನ್ನಡಕದವನು ಅಂಗೈ ಎತ್ತಿ ಹೇಳಿದ: "ಸಾಕು."

ನೇಕಾರನ ಕುತ್ತಿಗೆ ವಾಲಿತು.

ಎದ್ದ ಮೇಲೆ ನೇಕಾರ ಊರಿಗೆಲ್ಲ ಹೇಳಿದ. ವರ್ಷದಿಂದ ಅಂಥ ನಿದ್ದೆ ಆಗಿರಲಿಲ್ಲವಂತೆ. ಜನ ಬರತೊಡಗಿದರು. ಕಣ್ಣು ಸರಿಯಿದ್ದವರೂ ಬಂದರು. "ಕಣ್ಣು ತೋರಿಸೋಕೆ ಬಂದರೆ ಕಣ್ಣು ಮುಚ್ಚಿಸಿ ಕಳಿಸ್ತಾರಲ್ರೀ ಇವರು," ಎಂದು ನಗುತ್ತಾ ಬಂದರು. ಬೆಲ್ಲದ ವ್ಯಾಪಾರಿ ತಲೆದಿಂಬು ತಂದ. ಟೀಚರಮ್ಮ ತಮ್ಮ ಇಬ್ಬರು ಸಹೋದ್ಯೋಗಿಗಳನ್ನು ಕರೆದುಕೊಂಡು ಬಂದರು. ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಯ ಬೆಂಚಿನ ಮೇಲೆ, ನೆಲದ ಮೇಲೆ, ಗೋಡೆಗೆ ಒರಗಿ ಏಳೆಂಟು ಜನ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಾಲ್ಕು ಗಂಟೆಗೆ ಕಾರ್ಖಾನೆಯ ಸೈರನ್ ಆದರೆ ತಾವಾಗಿಯೇ ಏಳುತ್ತಿದ್ದರು. ಎಬ್ಬಿಸುವ ಪಾಠ ಬೇಕಾಗಲಿಲ್ಲ.

ಕನ್ನಡಕದವನು ನಡುವೆ ಸ್ಟೂಲಿನ ಮೇಲೆ ಕೂರುತ್ತಿದ್ದ. ಅಷ್ಟು ಜನ ಒಟ್ಟಿಗೆ ಅವನ ಅಂಗಡಿಯಲ್ಲಿ ಹಿಂದೆಂದೂ ಸೇರಿರಲಿಲ್ಲ. ಒಂದು ದಿನ ಅವನು ಅವರಿಗೆ ತನ್ನ ಸಂಗತಿ ಹೇಳಿದ. ನನ್ನ ಹೆಂಡತಿ ನನ್ನನ್ನು ಕರೆಯುವುದಿಲ್ಲ ಎಂದ. ಹನ್ನೊಂದು ವರ್ಷ ಆಯಿತು ಎಂದ. ಚಿಲಕಕ್ಕೆ ನೇತಾಡುವ ಕೊಡೆಯ ಬಗ್ಗೆ ಹೇಳಿದ. ಯಾರಿಗೂ ಹೇಳಿರದ ಮಾತುಗಳು. ಹೇಳಿ ಮುಗಿಸಿ ಸುತ್ತ ನೋಡಿದ. ಎಂಟು ಜನ ಉಸಿರಾಡುತ್ತಿದ್ದರು. ಒಬ್ಬರೂ ಹ್ಞೂಂ ಎನ್ನಲಿಲ್ಲ.

ಜೊತೆಗೊಬ್ಬರು ಬೇಕೆಂದು ಹೊರಟವನು ಎಲ್ಲರನ್ನೂ ಮಲಗಿಸುವುದನ್ನು ಕಲಿತಿದ್ದ.

ಮೇಡಂ ಸುಮ್ಮನಾದರು. ನಾನು ಅವರ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು. ಆಮೇಲೆ ನೆನಪಾಯಿತು.

"ಹ್ಞೂಂ," ಎಂದೆ.

"ಕತೆ ಮುಗೀತು ಅಂದುಕೊಂಡೆಯೇನೋ," ಎಂದು ಮುಂದುವರಿಸಿದರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪರದೆಯ ಸಂದಿಯಿಂದ ಒಂದು ಕೈ ಬಂತು. ಗಾಜಿನ ಮೇಜಿನ ಮೇಲೆ ಒಂದು ಕನ್ನಡಕ ಇಟ್ಟಿತು.

"ಕಡ್ಡಿ ಸಡಿಲವಾದ ಹಾಗಿದೆ," ಎಂದಳು ಹೆಂಡತಿ, ಅದು ಯಾರದೋ ಕನ್ನಡಕ ಎಂಬಂತೆ.

"ನಂಬರೂ ಬದಲಾಗಿರಬಹುದು," ಎಂದ ಅವನು. ಅವಳ ವ್ಯಾಕರಣ ಅವನಿಗೂ ಅಭ್ಯಾಸವಾಗಿತ್ತು. "ಕೂತರೆ ನೋಡಬಹುದು."

ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪರದೆ ದಾಟಿ ಬಂದು ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಅವಳಿಗೆ ಕನ್ನಡಕ ಬಂದದ್ದು ಆರು ವರ್ಷದ ಹಿಂದೆ. ಆಗ ಅವಳು ಶಾಲೆಯ ಮೈದಾನದಲ್ಲಿ ನಡೆದ ಉಚಿತ ಶಿಬಿರಕ್ಕೆ ಹೋಗಿ, ಸಾಲಿನಲ್ಲಿ ನಿಂತು ಕಣ್ಣು ತೋರಿಸಿಕೊಂಡು ಬಂದಿದ್ದಳು.

ಅವನು ಅವಳ ಮೂಗಿನ ಮೇಲೆ ಕಬ್ಬಿಣದ ಫ್ರೇಮು ಕೂರಿಸಿದ. ಗಾಜು ಹಾಕಿದ, ತೆಗೆದ.

"ಇದು ಚೆನ್ನಾಗಿದೆಯೋ, ಇದೋ?"

"ಎರಡೂ ಒಂದೇ."

"ಇದೋ, ಇದೋ?"

"ಅವೂ ಒಂದೇ."

ಅವನು ಬೇಗ ಬೇಗ ಬದಲಿಸಿದ. ಹಾಕಿದ್ದನ್ನೇ ಹಾಕಿದ. ಬೇರೆಯವರು ನಾಲ್ಕನೆಯ ಸಲಕ್ಕೆ ತಡವರಿಸುತ್ತಿದ್ದರು. ಅವಳು ತಡವರಿಸಲಿಲ್ಲ. ಅವಳು ಗೋಡೆಯ ಅಕ್ಷರಗಳನ್ನು ನೋಡುತ್ತಿರಲಿಲ್ಲ. ಅವನನ್ನು ನೋಡುತ್ತಿದ್ದಳು. ಅದು ಅವನಿಗೆ ತಿಳಿಯಲಿಲ್ಲ. ಅವನು ಅವಳ ಕಣ್ಣುಗಳನ್ನು ನೋಡುತ್ತಿದ್ದ, ನೋಟವನ್ನಲ್ಲ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅದೇ ಗಳಿಗೆಗೆ ಅವನ ಬೆರಳಿನಿಂದ ಗಾಜು ಜಾರಿತು. ಬಲಗೈಯಲ್ಲಿ ಗಾಜನ್ನು ಹಿಡಿದುಕೊಂಡ. ಎಡಗೈ ತಾನಾಗಿ ಮೇಲೆದ್ದು ಅವಳ ಕಣ್ಣೆದುರು ಅಂಗೈಯಾಗಿ ನಿಂತಿತು.

"ತಡಿ," ಎಂದ.

ಅದು ಪಾಠದ ಮಾತಾಗಿರಲಿಲ್ಲ. ಬಾಯಿಗೆ ಬಂದದ್ದು ಅದು.

ಮೂರು ಸೆಕೆಂಡು ಬೇಕಾಗಲಿಲ್ಲ. ಅವಳ ಬಾಯಿ ಮುಚ್ಚಿತು. ರೆಪ್ಪೆ ಇಳಿಯಿತು. ಕೈಗಳು ಮಡಿಲಿಗೆ ಬಿದ್ದವು. ಉಸಿರು ಎಷ್ಟು ಸಣ್ಣದಾಯಿತೆಂದರೆ ಅವನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. ನೇಕಾರನಾಗಲಿ ಬೆಲ್ಲದ ವ್ಯಾಪಾರಿಯಾಗಲಿ ಅಷ್ಟು ಆಳಕ್ಕೆ ಹೋಗಿರಲಿಲ್ಲ.

ಕನ್ನಡಕದವನಿಗೆ ತನ್ನ ವಿದ್ಯೆ ಕೈಗೂಡಿತು ಎನ್ನಿಸಿತು. ಪಾಠದಲ್ಲಿ ಹೇಳಿದ್ದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ: "ನನ್ನನ್ನು ಕರಿ. ಮೊದಲು ಹೇಗೆ ಕರೀತಿದ್ದೆಯೋ ಹಾಗೇ ಕರಿ."

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಕರೆದಿದ್ದೆ."

"ಯಾವಾಗ?"

"ಆ ಕಾರ್ಖಾನೆಯ ಮೇನೇಜರು ಈ ಕುರ್ಚಿಯಲ್ಲಿ ಕೂತಿದ್ದ ದಿನ. ಪರದೆ ಸರಿಸಿ ರೀ ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ರೀ ಅಂದೆ. ಮೂರನೇ ಸಲ ರೀ ಅಂದಾಗ ಗಾಜು ಹಿಡಿದವರು ಹೀಗೇ ಕೈ ಎತ್ತಿ ತಡಿ ಅಂದರು. ತಿರುಗಿ ನೋಡಲಿಲ್ಲ. ತಡೆದೆ."

ಇನ್ನೂ ಒಂದು ಮಾತು ಹೇಳಿದಳು. "ಆಮೇಲೆ ತಡಕೊಂಡೆ."

ಅವನು ಕೇಳಬೇಕೆಂದಿದ್ದ ಅಕ್ಷರ ಅವನ ಕಿವಿಗೆ ಮೂರು ಸಲ ಬಿತ್ತು. ಮೂರೂ ಹನ್ನೊಂದು ವರ್ಷ ಹಳೆಯವು. ಈಗ ಅವನನ್ನು ಕರೆದದ್ದು ಅವುಗಳಲ್ಲಿ ಒಂದೂ ಇರಲಿಲ್ಲ.

ಆ ಮೇನೇಜರು ಅವನಿಗೆ ನೆನಪಿದ್ದ. ಅವನ ಗಾಜಿನ ನಂಬರೂ ನೆನಪಿತ್ತು. ಪರದೆ ಸರಿದದ್ದು ನೆನಪಿರಲಿಲ್ಲ.

"ಏನು ಹೇಳೋಕೆ ಬಂದಿದ್ದೆ ಆವತ್ತು?"

"ಮರೆತುಹೋಗಿದೆ," ಎಂದಳು. "ದೊಡ್ಡದೇನೂ ಇರಲಿಲ್ಲ ಅನ್ನಿಸುತ್ತೆ. ತಡಿ ಅಂದರಲ್ಲ, ಅಂತ ಇಟ್ಟುಕೊಂಡಿದ್ದೆ. ಇಟ್ಟುಕೊಂಡು ಇಟ್ಟುಕೊಂಡು ಏನು ಅನ್ನೋದೇ ಮರೆತುಹೋಯ್ತು."

ಅವಳು ಕಣ್ಣು ತೆರೆದಳು. ಕಬ್ಬಿಣದ ಫ್ರೇಮನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು.

"ಕಡ್ಡಿ ಸರಿಯಾದ ಮೇಲೆ ಒಳಗಿಟ್ಟರೆ ಆಯ್ತು," ಎಂದು ಹೇಳಿ ಪರದೆಯ ಆಚೆಗೆ ಹೋದಳು.

ಅವಳು ನಿದ್ದೆ ಹೋಗಿದ್ದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಒಂದು ಮಾತ್ರ ತಿಳಿಯಿತು. ಮೂರ್ನಾಲ್ಕು ತಿಂಗಳು ಕೂತು ಕಲಿತ ವಿದ್ಯೆಯನ್ನು ಅವನು ಹನ್ನೊಂದು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದ. ಯಾವ ಪಾಠವೂ ಇಲ್ಲದೆ. ತಲೆ ಕೂಡ ಎತ್ತದೆ.

ಅವನು ಕನ್ನಡಕದ ಕಡ್ಡಿಯ ತಿರುಪು ಬಿಗಿ ಮಾಡಿದ. ಗಾಜು ಒರೆಸಿದ. ಆಮೇಲೆ ಫೋನು ತೆಗೆದು ಹನ್ನೆರಡನೆಯ ಪಾಠ ಹಾಕಿದ.

ಕರಿ ಅಂಗಿಯವನು ಅದರಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಎದುರು ಯಾರೂ ಇರಲಿಲ್ಲ. ಅಡಿಯಲ್ಲಿ ಅದೇ ಯಂತ್ರದ ಕನ್ನಡ ಓಡಿತು. ಮಲಗಿಸಿದವನೇ ಎಬ್ಬಿಸತಕ್ಕದ್ದು. ಯಾವ ಮಾತಿನಿಂದ ಮಲಗಿಸಿದ್ದೀರೋ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅವಸರ ಮಾಡಬೇಡಿ. ಎಬ್ಬಿಸಲು ಶೀಘ್ರ ವಿಧಾನ ಇರುವುದಿಲ್ಲ. ಅಷ್ಟೇ ಇತ್ತು. ಉಳಿದ ಒಂದು ನಿಮಿಷ ಅವನು ನೋಡುಗರಿಗೆ ವಂದನೆ ಹೇಳಿದ.

ಕನ್ನಡಕದವನು ಎದ್ದು ಪರದೆ ಸರಿಸಿ ಒಳಗೆ ಹೋದ. ಅವಳು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕನ್ನಡಕವನ್ನು ಅವಳ ಪಕ್ಕ ಇಟ್ಟ. ಎದುರಿಗೆ ಕೂತ. ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡ, ಒಂದೂ ಮೇಲೇಳದ ಹಾಗೆ.

"ಹೇಳು," ಎಂದ.

ಅವಳು ಅವನನ್ನು ನೋಡಲಿಲ್ಲ. ಅವರೆಕಾಯಿಯ ಬುಟ್ಟಿಗೆ ಹೇಳಿದಳು: "ಅಂಗಡಿಗೆ ಜನ ಬಂದಿರಬಹುದು."

"ತಡೀತಾರೆ," ಎಂದ.

ಅವಳ ಕೈ ಒಂದು ಕ್ಷಣ ನಿಂತಿತು. ಮತ್ತೆ ಸುಲಿಯತೊಡಗಿತು. "ಏನೂ ಇಲ್ಲ," ಎಂದಳು.

ಅವನು ಎದ್ದು ಹೋಗಲಿಲ್ಲ. ಸೈರನ್ ಆಗುವ ತನಕ ಕೂತಿದ್ದು ಹೋದ.

ಮರುದಿನವೂ ಅದೇ ಹೊತ್ತಿಗೆ ಬಂದು ಕೂತ. ಹೇಳು ಎಂದ. ಏನೂ ಇಲ್ಲ ಎಂದಳು. ಅದರ ಮರುದಿನವೂ. ಮಲಗಲು ಬಂದವರು ಹೊರಗೆ ಕಾದು ಕಾದು, "ಏನ್ರೀ, ಈವತ್ತು ನಿದ್ದೆ ಇಲ್ವಾ?" ಎಂದು ಕೂಗಿದರು. "ಇಲ್ಲ," ಎಂದು ಒಳಗಿನಿಂದ ಹೇಳಿದ. ಬೆಲ್ಲದ ವ್ಯಾಪಾರಿ ತನ್ನ ತಲೆದಿಂಬು ತೆಗೆದುಕೊಂಡು ಹೋದ. ಟೀಚರಮ್ಮ ಬರುವುದನ್ನು ನಿಲ್ಲಿಸಿದರು. ಕಣ್ಣು ಮಂಜಾದವರು ಮಾತ್ರ ಮೊದಲಿನಂತೆ ಬಂದರು, ಅವನನ್ನು ಪಕ್ಕಕ್ಕೆ ಸರಿಸಿ ಅಕ್ಷರ ನೋಡಿದರು, ಹೋದರು.

ಅವರೆಕಾಯಿಯ ಕಾಲ ಮುಗಿಯುತ್ತಾ ಬಂತು. ಒಂದು ದಿನ ಅವಳು ಬುಟ್ಟಿಗೆ ಹೇಳಿದಳು:

"ಈ ಸಲದ ಕಾಯಿ ಚೆನ್ನಾಗಿಲ್ಲ."

"ಹ್ಞೂಂ," ಎಂದ ಅವನು.

"ಬರೀ ಹುಳ."

"ಹ್ಞೂಂ."

ಅವಳು ಒಂದು ಕಾಯನ್ನು ಬಿಡಿಸಿ ಅವನ ಕಡೆಗೆ ಚಾಚಿದಳು. ಅವನು ಬಗ್ಗಿ ನೋಡಿದ. ಹುಳ ಇತ್ತು. ಇಬ್ಬರೂ ಅದನ್ನು ನೋಡಿದರು. ಹೊರಗೆ ಅಂಗಡಿಯಲ್ಲಿ ಯಾರೋ "ರೀ, ಯಾರಿದ್ದೀರಿ?" ಎಂದು ಕರೆಯುತ್ತಿದ್ದರು. ಅವನು ಏಳಲಿಲ್ಲ.

ಮೇಡಂ ಅಲ್ಲಿಗೆ ನಿಲ್ಲಿಸಿದರು. ನಾನು ಹ್ಞೂಂ ಎಂದೆ. ಅವರು ಮುಂದುವರಿಸಲಿಲ್ಲ. ಮತ್ತೊಮ್ಮೆ ಹ್ಞೂಂ ಎಂದೆ.

"ಆಮೇಲೆ?" ಎಂದು ಕೇಳಿದೆ. "ಕೊನೆಗಾದರೂ ಅವಳು ರೀ ಅಂದಳಾ?"

ಅವರು ಕೈ ಚಾಚಿ ಮೇಜಿನ ಮೇಲಿದ್ದ ನನ್ನ ಫೋನನ್ನು ಮುಖ ಮೇಲಾಗುವ ಹಾಗೆ ತಿರುಗಿಸಿದರು. ತಂಗಿ ಇನ್ನೂ ಎರಡು ಸಲ ಕರೆ ಮಾಡಿದ್ದಳು. ಫೋನನ್ನು ನನ್ನ ಕಡೆಗೆ ಸರಿಸುತ್ತಾ ಮೇಡಂ ಹೇಳಿದರು:

"ಈ ಕತೆಯನ್ನು ನೀನು ಇನ್ನೊಬ್ಬರಿಗೆ ಹೇಳಬೇಕು, ಮೊದಲು ಯಾರಿಗೆ ತಡಿ ಅಂದು ಇಲ್ಲಿ ಕೂತೆಯೋ ಅವಳಿಗೆ, ಅದೂ ಅವಳು ಹೇಳುವುದು ಮುಗಿದ ಮೇಲೆ."